ಚಿಂತಾಮಣಿಯ ಐಸ್ ಹಾಕಿ ತಂಡ

ಐಸ್ ಹಾಕಿ ತಂಡ ಕಟ್ಟಿದ ಮೇಲೆ ನಗೆಪಾಟಲಾಗಲು ನಾನು ಬೇರೆ ಪ್ರಯತ್ನವನ್ನೇ ಮಾಡಬೇಕಾಗಲಿಲ್ಲ. ಬೆಳಗಾದರೆ ಅದು ತಾನಾಗಿ ಬಾಗಿಲಿಗೆ ಬರುತ್ತಿತ್ತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಚಿಂತಾಮಣಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ಮೇಷ್ಟ್ರು. ಅರ್ಧಕ್ಕೆ ನಿಂತಿದ್ದ ಸಭಾಂಗಣದ ಸಿಮೆಂಟ್ ನೆಲದ ಮೇಲೆ ಹುಡುಗಿಯರಿಗೆ ಚಕ್ರದ ಸ್ಕೇಟು ಕಟ್ಟಿಸಿ ಹಾಕಿ ಆಡಿಸುತ್ತಿದ್ದೆ. ಅದೇ ಧೈರ್ಯದ ಮೇಲೆ ಉತ್ತರದ ಬೆಟ್ಟದೂರಿನಲ್ಲಿ ನಡೆಯುವ ಕಾಲೇಜುಗಳ ರಾಷ್ಟ್ರೀಯ ಐಸ್ ಹಾಕಿ ಪಂದ್ಯಾವಳಿಗೆ ಹೆಸರು ಕೊಟ್ಟುಬಿಟ್ಟೆ.

ಪ್ರಿನ್ಸಿಪಾಲರು ಕರೆಸಿದರು. "ಹೋಗಿ ಬನ್ನಿ. ಗೆಲ್ಲಿ ಅಂತ ನಾನು ಹೇಳಲ್ಲ. ಆದ್ರೆ ಒಂದೇ ಒಂದು ಗೋಲು ಹೊಡೀಬೇಕು. ಇಲ್ಲಾಂದ್ರೆ ನಿಮ್ಮ ತಂಡ ಅಲ್ಲಿಗೆ ಮುಗೀತು. ಆ ಸಿಮೆಂಟ್ ನೆಲದ ಮೇಲೆ ಸ್ಕೂಟರ್ ಸ್ಟ್ಯಾಂಡ್ ಮಾಡಿಸ್ತೀನಿ" ಎಂದರು.

ಸ್ಟಾಫ್ ರೂಮಿನಲ್ಲಿ ಆಗಲೇ ಯಾರ ಸ್ಕೂಟರ್ ಎಲ್ಲಿ ನಿಲ್ಲಬೇಕು ಎಂದು ಮಾತು ಶುರುವಾಗಿತ್ತು. ಆ ನೆಲ ಬಿಟ್ಟರೆ ಆ ಮಕ್ಕಳು ಬೇರೆಲ್ಲೂ ಅಷ್ಟು ಜೋರಾಗಿ ಕೂಗಿ, ನಕ್ಕು, ಓಡಿದ್ದನ್ನು ನಾನು ನೋಡಿರಲಿಲ್ಲ. 

ಮೊದಲ ಮೈದಾನ

ನಮ್ಮ ಹುಡುಗಿಯರು ಮಂಜುಗಡ್ಡೆಯನ್ನು ಕಂಡಿದ್ದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಮಾತ್ರ. ಒಂದು ಸಲವಾದರೂ ಅದರ ಮೇಲೆ ನಿಂತು ನೋಡಲಿ ಎಂದು ಐಸ್ ಫ್ಯಾಕ್ಟರಿಯಿಂದ ದೊಡ್ಡ ಗಡ್ಡೆಯೊಂದನ್ನು ಆಟೋದಲ್ಲಿ ತರಿಸಿದೆ. ಗೋಣಿಚೀಲದಲ್ಲಿ ಸುತ್ತಿದ್ದರೂ ದಾರಿಯುದ್ದಕ್ಕೂ ಕರಗಿ, ಕಾಲೇಜಿಗೆ ಬರುವ ಹೊತ್ತಿಗೆ ಒಬ್ಬರು ಕಷ್ಟಪಟ್ಟು ನಿಲ್ಲುವಷ್ಟು ಉಳಿದಿತ್ತು. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಹತ್ತಿಸಿದೆ. ಹತ್ತಿದವರೆಲ್ಲ ಜಾರಿದರು, ಕೆಳಗಿದ್ದವರೆಲ್ಲ ಕೇಕೆ ಹಾಕಿದರು. ಗೋಲ್‌ಕೀಪರ್ ಸರದಿ ಬರುವ ಹೊತ್ತಿಗೆ ಬಿಸಿಲೇರಿ, ಅವಳಿಗೆ ಒಂದು ಕಾಲಿಡುವಷ್ಟು ಜಾಗ ಮಾತ್ರ ಇತ್ತು.

ಅಷ್ಟರಲ್ಲಿ ಕ್ಯಾಂಟೀನಿನ ಅಮ್ಮ ಬಂದು, "ಇನ್ನೇನ್ ಸಾರ್, ಸುಮ್ನೆ ನೀರಾಗೋಗುತ್ತೆ" ಎಂದು ಉಳಿದದ್ದನ್ನು ತೊಳೆದು, ಒಡೆದು, ನಿಂಬೆಹಣ್ಣಿನ ಪಾನಕಕ್ಕೆ ಹಾಕಿಬಿಟ್ಟರು. ಪ್ರಿನ್ಸಿಪಾಲರಿಗೂ ಒಂದು ಲೋಟ ಹೋಯಿತು. ಸಂಜೆ ಎದುರು ಸಿಕ್ಕವರು ಹೇಳಿದರು: "ನಿಮ್ಮ ಮೈದಾನ ಚೆನ್ನಾಗಿತ್ತು ಕಣ್ರೀ. ಸಕ್ಕರೆ ಸ್ವಲ್ಪ ಕಮ್ಮಿಯಾಯ್ತು."

ಕ್ಯಾಪ್ಟನ್ ಮನೆಯಲ್ಲಿ

ಕ್ಯಾಪ್ಟನ್ ಶಿಡ್ಲಘಟ್ಟದ ಕಡೆಯ ಹಳ್ಳಿಯವಳು. ಮನೆಯಲ್ಲಿ ರೇಷ್ಮೆ ಸಾಕಣೆ. ನಾವು ಹೊರಡುವ ಹೊತ್ತಿಗೇ ಹುಳು ಹಣ್ಣಾಗಿದ್ದವು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬಿಡಬೇಕು. ಅದು ಒಂದು ದಿನವೂ ಕಾಯುವ ಕೆಲಸವಲ್ಲ. ತಾಯಿ ಕಡ್ಡಿ ಮುರಿದಂತೆ ಹೇಳಿದರು: "ಮೇಷ್ಟ್ರೇ, ಹುಳಕ್ಕೆ ನಿಮ್ಮ ಮ್ಯಾಚು ಗೊತ್ತಾಗಲ್ಲಪ್ಪ. ಈಗ ಇವಳನ್ನ ಕಳಿಸಿದ್ರೆ ನನಗೆ ಕೈಗೆ ಯಾರು?"

ಕ್ಯಾಪ್ಟನ್ ಇಲ್ಲದೆ ತಂಡವಿಲ್ಲ. ಇಡೀ ತಂಡವನ್ನೇ ಬಸ್ಸು ಹತ್ತಿಸಿ ಅವರ ಮನೆಗೆ ಕರೆದುಕೊಂಡು ಹೋದೆ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಎಲ್ಲರೂ ಹುಳು ಆರಿಸಲು ಕೂತೆವು. ನಾನು ಆರಿಸಿದ್ದರಲ್ಲಿ ಅರ್ಧ ಇನ್ನೂ ಹಣ್ಣಾಗಿರಲಿಲ್ಲವಂತೆ. ಅಜ್ಜಿಯೊಬ್ಬರು ಮಾತಿಲ್ಲದೆ ಅವನ್ನೆಲ್ಲ ಹಿಪ್ಪುನೇರಳೆ ಸೊಪ್ಪಿಗೆ ವಾಪಸ್ ಹಾಕುತ್ತಿದ್ದರು. ನಮ್ಮ ಗೋಲ್‌ಕೀಪರ್ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಹುಳು ಹಿಡಿದು ಬಿಡುತ್ತಿದ್ದಳು. ಸಂಜೆಗೆ ಕೆಲಸ ಮುಗಿಯಿತು. ತಾಯಿ ಅವಳನ್ನೇ ನೋಡುತ್ತಾ ನನ್ನನ್ನು ಪಕ್ಕಕ್ಕೆ ಕರೆದರು.

"ಕರ್ಕೊಂಡೋಗಿ ಮೇಷ್ಟ್ರೇ, ನಮ್ಮದೇನೂ ಅಡ್ಡಿಯಿಲ್ಲ. ನನ್ನ ಮಗಳನ್ನ ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ. ಈ ಹುಡುಗೀನ ಇಲ್ಲೇ ಬಿಟ್ಟೋಗಿ."

ಕಾಯಿ ಒಡೆದದ್ದು

ಬೆಟ್ಟದೂರು ತಲುಪಿದಾಗ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಹೆಪ್ಪುಗಟ್ಟಿದ ಕೆರೆಯೇ ಮೈದಾನ. ಚಕ್ರದ ಸ್ಕೇಟಿನ ಬದಲು ಬ್ಲೇಡಿನ ಸ್ಕೇಟನ್ನು ಅಲ್ಲೇ ಎರವಲು ಕೊಟ್ಟರು. ಹೊಸ ಗಾಡಿಯನ್ನೇ ಪೂಜೆ ಮಾಡದೆ ಹತ್ತದ ಜನ ನಾವು. ಇಷ್ಟು ದೊಡ್ಡ ಮಂಜುಗಡ್ಡೆಯನ್ನು ಹಾಗೇ ತುಳಿಯುವುದುಂಟೆ? ಹುಡುಗಿಯರು ಊರಿಂದ ತಂದ ಅರಿಶಿನ ಕುಂಕುಮ ಇಟ್ಟರು, ಕರ್ಪೂರ ಹಚ್ಚಿದರು. ತಂಡದಲ್ಲಿದ್ದ ಗೌರಿಬಿದನೂರಿನ ಹುಡುಗಿಯೊಬ್ಬಳು ತೆಂಗಿನಕಾಯಿ ಎತ್ತಿ ಕುಕ್ಕಿದಳು.

ಕೈಗವಸು ಹಾಕಿದ್ದಳು ನೋಡಿ, ಕಾಯಿ ಜಾರಿತು. ಒಡೆಯದೆ ಮಂಜಿನ ಮೇಲೆ ಉರುಳುತ್ತಾ ಹೊರಟೇಬಿಟ್ಟಿತು. ಅಭ್ಯಾಸ ಮಾಡುತ್ತಿದ್ದ ಬೇರೆ ತಂಡದವರು ಗಾಬರಿಯಿಂದ ದಾರಿ ಬಿಟ್ಟರು. ಕಾಯಿ ನೇರವಾಗಿ ಹೋಗಿ ಆ ಕಡೆಯ ಗೋಲಿನ ಬಲೆಯೊಳಗೆ ಕೂತಿತು.

 ಕಾಯಿ ಕುಕ್ಕಿದವಳು ಮೆಲ್ಲಗೆ ಕೇಳಿದಳು: "ಸಾರ್, ಗೋಲು ಅಂದ್ರು ಪ್ರಿನ್ಸಿಪಾಲರು. ಯಾತರಲ್ಲಿ ಹೊಡೀಬೇಕು ಅಂತ ಹೇಳಿದ್ರಾ?"

ಕೊನೆಯ ಪಂದ್ಯ

ಅಲ್ಲಿಯವರೆಗಿನ ಪಂದ್ಯಗಳಲ್ಲಿ ನಮ್ಮದು ಒಂದೂ ಗೋಲು ಆಗಿರಲಿಲ್ಲ. ಕೊನೆಯ ಪಂದ್ಯ ಆ ಬೆಟ್ಟದೂರಿನ ತಂಡದ ಮೇಲೆ. ಅವರು ಹುಟ್ಟಿದ್ದೇ ಮಂಜಿನ ಮೇಲೆ. ನಮ್ಮವರು ಬೀಳುವುದು, ಏಳುವುದು, ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಬೀಳುವಾಗ ಎದುರಾಳಿಗೆ ಕಾಲು ತಗುಲಿದರೆ ನಮ್ಮ ಹುಡುಗಿ ಆಟವನ್ನೇ ಬಿಟ್ಟು, ಕೈಗವಸು ಕಳಚಿ, ಅವಳ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಆ ಕಡೆಯವರು ಗೋಲು ಹೊಡೆದು ಮುಗಿಸಿರುತ್ತಿದ್ದರು.

"ಆಮೇಲೆ ಮಾಡ್ಕೊಳ್ರಮ್ಮಾ! ಎಲ್ಲಾ ಸೇರ್ಸಿ ಕೊನೇಲಿ ಒಂದೇ ಸಲ ನಮಸ್ಕಾರ ಮಾಡಿ!" ಎಂದು ದಡದಿಂದ ಕಿರುಚಿದೆ.

"ಕಾಲು ತಗುಲಿದ್ಮೇಲೆ ಹೆಂಗೆ ಸಾರ್ ಸುಮ್ನೆ ಹೋಗದು?" ಎಂದು ಕ್ಯಾಪ್ಟನ್ ಅಲ್ಲಿಂದಲೇ ಕೂಗಿದಳು.  ಬೆಳೆಸಿದವರು ಹಾಗೆ ಬೆಳೆಸಿದ್ದರು.

ಆಟ ಮುಗಿಯುತ್ತಾ ಬಂತು. ನನ್ನ ಕಣ್ಣೆದುರು ಆ ಸಿಮೆಂಟ್ ನೆಲದ ತುಂಬಾ ಸ್ಕೂಟರುಗಳು. ಅಷ್ಟರಲ್ಲಿ ಕ್ಯಾಪ್ಟನ್ ಜೋರಾಗಿ ನುಗ್ಗಿ, ತಡೆಯಲಾರದೆ ಜಾರಿ, ಅವರ ಗೋಲ್‌ಕೀಪರ್ ಕಾಲ ಬಳಿಗೇ ಹೋಗಿ ಬಿದ್ದಳು. ಸ್ಕೇಟು ಅವಳ ಕಾಲಿನ ಪ್ಯಾಡಿಗೆ ತಗುಲಿತು. ನಮ್ಮವಳು ಮಂಡಿಯೂರಿ, ಕೈಗೆಟುಕಿದ ಆ ಕಾಲನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಗೋಲ್‌ಕೀಪರ್ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು. ದಕ್ಷಿಣದಿಂದ ಬಂದ ತಂಗಿಯೊಬ್ಬಳು ಕಾಲಿಗೆ ಬಿದ್ದಿದ್ದಾಳೆಂದು ಕರಗಿಹೋದಳು. ಹಾಕಿ ಕೋಲನ್ನು ಪಕ್ಕಕ್ಕಿಟ್ಟು, ಬಗ್ಗಿ, ಇವಳ ತಲೆಯ ಮೇಲೆ ಎರಡೂ ಕೈ ಇಟ್ಟು "ಖುಷ್ ರಹೋ" ಎಂದಳು.

ಅದೇ ಹೊತ್ತಿಗೆ ಗೌರಿಬಿದನೂರಿನ ಹುಡುಗಿ ದೂರದಿಂದ ತಳ್ಳಿದ್ದ, ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ನಿಲ್ಲಲೋ ಬೇಡವೋ ಎನ್ನುತ್ತಾ ಬಂದು, ಅವರಿಬ್ಬರ ಪಕ್ಕದಿಂದ ಬಲೆಯೊಳಗೆ ಹೋಯಿತು.

ಎದುರು ತಂಡದವರು ಗಲಾಟೆ ಎಬ್ಬಿಸಿದರು. ರೆಫರಿ ಗೋಲ್‌ಕೀಪರನ್ನೇ ಕೇಳಿದ: ಇವಳು ನಿನ್ನನ್ನು ತಡೆದಳೇ? ಅವಳು ಪಾಪ, ಸತ್ಯವಂತೆ. "ಇಲ್ಲ ಸಾರ್, ನಾನೇ ಆಶೀರ್ವಾದ ಮಾಡ್ತಾ ಇದ್ದೆ" ಎಂದಳು. ರೆಫರಿ ನಿಯಮದ ಪುಸ್ತಕ ತಿರುವಿ, ಆಶೀರ್ವಾದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ ಎಂದು ಗೋಲು ಕೊಟ್ಟ. ನಮ್ಮ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ನಾನು ನಾಚಿಕೆಯಿಲ್ಲದೆ ಅತ್ತೆ.

ಎಸ್‌ಟಿಡಿ ಬೂತಿನಿಂದ ಪ್ರಿನ್ಸಿಪಾಲರಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಬಿಡದೆ ಹೇಳಿದೆ.  

"ಸರಿ, ತಂಡ ಇರಲಿ ಕಣ್ರೀ, ಸ್ಕೂಟರ್ ಸ್ಟ್ಯಾಂಡ್ ಬೇಡ" ಎಂದರು. ನಾನು ಉಸಿರು ಬಿಟ್ಟೆ. ಆಮೇಲೆ ಅವರು ನಿಜವಾದ ಸಿಟ್ಟಿನಿಂದಲೇ ಕೇಳಿದರು: "ಅಲ್ರೀ, ಅಷ್ಟು ಸುಲಭವಾಗಿ ಗೋಲು ಬರೋದಾಗಿದ್ರೆ, ಬರೀ ಒಂದೇ ಸಲ ಯಾಕ್ರೀ ಕಾಲಿಗೆ ಬೀಳಿಸಿದ್ರಿ?"