ಕೆಳಗೆ ಸಮುದ್ರವಿದೆ

ರಾಷ್ಟ್ರದ ಸಾಗರ ಆರ್ಥಿಕತೆಯು ಸದ್ಯ ಮುಂಬಯಿಯ ಫೋರ್ಟ್ ಪ್ರದೇಶದ ಹಳೆಯ ಬಿಲ್ಡಿಂಗೊಂದರ ಮೂರನೇ ಮಹಡಿಯಲ್ಲಿ, ಕನ್ನಡಕದ ಅಂಗಡಿಯೊಂದರ ತಲೆಯ ಮೇಲೆ, ಸಮಾಧಾನಕರವಾಗಿ ಅಭಿವೃದ್ಧಿ ಹೊಂದುತ್ತಿದೆ. ಅಲ್ಲಿಂದ ನಿಜವಾದ ಸಮುದ್ರ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ. ಆದರೆ 'ಅಭ್ಯರ್ಥಿಗಳು ತರಬೇತಿಯ ಅವಧಿಯಲ್ಲಿ ಸಮುದ್ರದ ಸಂಪರ್ಕಕ್ಕೆ ಬರತಕ್ಕದ್ದಲ್ಲ. ಬಂದಲ್ಲಿ ಉಂಟಾಗುವ ತೇವಕ್ಕೆ ಕೇಂದ್ರವು ಹೊಣೆಯಲ್ಲ' ಎಂದು ಸಾಗರ ಕೌಶಲ್ಯ ತರಬೇತಿ ಕೇಂದ್ರದ ನಿಯಮಾವಳಿ ಹೇಳುವುದರಿಂದ ಯಾರೂ ಆ ಕಡೆ ತಲೆಹಾಕುವುದಿಲ್ಲ.

ಕೇಂದ್ರದ ಮುಖ್ಯ ಬೋಧಕರಾದ ಸತ್ಯಮೂರ್ತಿಯವರು ಮೈಸೂರಿನವರು. ಈಜು ಬಾರದು. ಹಡಗನ್ನು ಕ್ಯಾಲೆಂಡರಿನಲ್ಲಿ ನೋಡಿ ಬಲ್ಲರು. ಬಸ್ಸು ಸ್ವಲ್ಪ ಜೋರಾಗಿ ತಿರುಗಿದರೂ ಅವರ ಹೊಟ್ಟೆ ತೊಳಸುತ್ತದೆ. ಅದಕ್ಕೇ ಅವರ ಹೆಂಡತಿ ವಿಮಲಾ ದಿನಾ ಬೆಳಿಗ್ಗೆ ಚೀಲದಲ್ಲಿ ಒಂದು ನಿಂಬೆಹಣ್ಣು ಇಟ್ಟು, "ಮೂಸ್ಕೊಂಡು ಹೋಗಿ" ಎಂದು ಕಳಿಸುತ್ತಾರೆ. ತಮ್ಮ ಯೋಗ್ಯತೆಯ ಬಗ್ಗೆ ಸತ್ಯಮೂರ್ತಿಯವರಿಗೆ ಭ್ರಮೆಯೇನೂ ಇರಲಿಲ್ಲ. "ನನ್ನ ಪಾಠ ಕೇಳಿ ಹಡಗು ಹತ್ತೋದೂ ಒಂದೇ, ಕಲ್ಲು ಕಟ್ಕೊಂಡು ಬಾವಿಗೆ ಹಾರೋದೂ ಒಂದೇ ಕಣೇ" ಎಂದು ಅವರೇ ಮನೆಯಲ್ಲಿ ಹೇಳಿ ನಗುತ್ತಿದ್ದರು. ಆದರೆ ಈ ಹುದ್ದೆಯ ಬಾಲಕ್ಕೆ ಆಂಟಾಪ್ ಹಿಲ್‌ನ ಕ್ವಾರ್ಟರ್ಸ್ ಕಟ್ಟಿಕೊಂಡಿತ್ತು: ಎರಡು ಕೋಣೆ, ತುಳಸಿ ಗಿಡ ಹಿಡಿಸುವಷ್ಟು ಬಾಲ್ಕನಿ, ಪಕ್ಕದಲ್ಲೇ ಮಗಳು ಸಾಧನಾಳ ಶಾಲೆ. ನೌಕರಿ ಹೋದರೆ ಇನ್ನೊಂದು ಸಿಕ್ಕೀತು. ಕ್ವಾರ್ಟರ್ಸ್ ಹೋದರೆ ಮುಂಬಯಿಯೇ ಹೋದಂತೆ. ಆದ್ದರಿಂದ ಅವರು ಮುಚ್ಚಿಕೊಂಡು ಪಾಠ ಮಾಡುತ್ತಿದ್ದರು.

ಅಭ್ಯರ್ಥಿಗಳೆಲ್ಲ ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸ ಮಾಡುತ್ತಿದ್ದವರು. ಮಧ್ಯಾಹ್ನ ಉಡುಪಿ ಹೋಟೆಲಿನ ಊಟ ಉಚಿತವಾಗಿದ್ದುದರಿಂದ ಸಾಗರ ಆರ್ಥಿಕತೆಯಲ್ಲಿ ಅವರಿಗೆ ಆಸಕ್ತಿ ಹುಟ್ಟಿತ್ತು. ಎಲ್ಲರಿಗಿಂತ ಶ್ರದ್ಧೆಯಿಂದ ಕಲಿಯುತ್ತಿದ್ದವಳು ಮಲ್ಲಕ್ಕ. ಇಟ್ಟಿಗೆ ಹೊತ್ತು ಹೊತ್ತು ಅವಳಿಗೆ ಸಾಕಾಗಿತ್ತು. ಹಡಗಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕರೂ ಸರಿ, ಅಲ್ಲಿ ಇಟ್ಟಿಗೆ ಇರುವುದಿಲ್ಲವಲ್ಲ ಎಂಬುದು ಅವಳ ಲೆಕ್ಕ.

ಕೇಂದ್ರಕ್ಕೆ ಒಂದು ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿ ಮಂಜೂರಾಗಿತ್ತು. ಹಡಗಿನಲ್ಲಿ ದೋಣಿ ಮೇಲ್ಗಡೆ ಇರುತ್ತದೆಂದು ಅದನ್ನು ಕ್ರೇನಿನಿಂದ ಎತ್ತಿ ತಾರಸಿಯ ಮೇಲೆ ಕೂರಿಸಲಾಯಿತು. ದೋಣಿ ಮೇಲಿರುವ ಕಾರಣ ಕೆಳಗಿರುವುದನ್ನು ಸಮುದ್ರವೆಂದು ಭಾವಿಸತಕ್ಕದ್ದೆಂದು ಸುತ್ತೋಲೆ ಬಂತು. ಅಂದಿನಿಂದ ಟ್ಯಾಕ್ಸಿ, ವಡಾಪಾವ್ ಗಾಡಿ, ಪೇಪರ್ ಅಂಗಡಿ ಸಮೇತ ಇಡೀ ರಸ್ತೆ ಸಮುದ್ರವಾಯಿತು. ಊಟದ ವೇಳೆಗೆ ಮತ್ತು ಸಂಜೆ ಮನೆಗೆ ಹೋಗುವಾಗ ಮಾತ್ರ ಸಮುದ್ರವನ್ನು ಅಮಾನತಿನಲ್ಲಿ ಇಡಲಾಗುತ್ತಿತ್ತು. ಗಂಟೆ ಹೊಡೆದ ಕೂಡಲೇ ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಮೆಟ್ಟಿಲು ಹತ್ತಿ ದೋಣಿಯಲ್ಲಿ ಕೂರಬೇಕು. ಇದನ್ನು ಸತ್ಯಮೂರ್ತಿಯವರು ದಿನಾ ಮಾಡಿಸುತ್ತಿದ್ದರು, ಯಾಕೆಂದರೆ ಅವರಿಗೆ ಗೊತ್ತಿದ್ದ ಪಾಠ ಅದೊಂದೇ.

ಹೀಗಿರಲು ತಪಾಸಣಾಧಿಕಾರಿ ಮೋಹಿನಿ ಮೇಡಂ ಬಂದರು. ಮಂಗಳೂರಿನ ಕಡೆಯವರು, ಸಮುದ್ರದ ದಂಡೆಯಲ್ಲೇ ಹುಟ್ಟಿದವರು. ಸತ್ಯಮೂರ್ತಿಯವರು ಕಡತಗಳನ್ನೆಲ್ಲ ಅವರ ಮುಂದೆ ಹರಡಿದರು.

"ಎಲ್ಲ ಸರಿ ಉಂಟು," ಎಂದರು ಮೇಡಂ. "ಆದರೆ ಸಮುದ್ರಾನುಭವದ ಪುರಾವೆ ಎಲ್ಲಿ? ನಿಯಮದ ಪ್ರಕಾರ ದೋಣಿಯಲ್ಲಿ ಕೂತವರಲ್ಲಿ ಒಬ್ಬರಿಗಾದರೂ ವಾಂತಿ ಆಗಿರಬೇಕು. ನಿಮ್ಮಲ್ಲಿ ಯಾರಿಗೂ ಆಗ್ಲಿಲ್ಲವಾ?"

"ದೋಣಿ ಅಲ್ಲಾಡೋದಿಲ್ಲ ಮೇಡಂ."

"ಅದು ನಿಮ್ಮ ಒಳಗಿನ ವಿಷಯ. ವಾಂತಿ ಇಲ್ಲದಿದ್ರೆ ಕೇಂದ್ರ ಮುಚ್ಚಬೇಕಾಗ್ತದೆ ಮಾರಾಯ್ರೆ. ನಾನೆಂತ ಮಾಡ್ಲಿ?"

ಸತ್ಯಮೂರ್ತಿಯವರ ಕಣ್ಣ ಮುಂದೆ ಬಾಲ್ಕನಿಯ ತುಳಸಿ ಗಿಡ ಬಂದು ನಿಂತಿತು. ಅಷ್ಟರಲ್ಲಿ ಕೆಳಗಿನ ಮೀಟರ್ ಬಾಕ್ಸಿನಲ್ಲಿ ಬೆಂಕಿ ಹೊತ್ತಿಕೊಂಡು, ವಾಚ್‌ಮನ್ ಗಂಟೆ ಬಡಿಯತೊಡಗಿದ. ಮೆಟ್ಟಿಲ ತುಂಬ ಹೊಗೆ. ಬಿಲ್ಡಿಂಗಿನ ಉಳಿದ ಆಫೀಸುಗಳವರು ಹೋ ಎಂದು ಕೆಳಗೆ ಓಡಿದರು. ಮುಖ್ಯ ಬೋಧಕರೂ, ನಾಚಿಕೆ ಬಿಟ್ಟು ಹೇಳುವುದಾದರೆ ಎಲ್ಲರಿಗಿಂತ ಮೊದಲು, ಕೆಳಗೇ ಹೊರಟರು. ಮಲ್ಲಕ್ಕ ಅವರ ರಟ್ಟೆ ಹಿಡಿದು ನಿಲ್ಲಿಸಿದಳು.

"ಸಾಹೇಬ್ರ, ಎಲ್ಲಿಗೆ ಹೊಂಟ್ರಿ? ಕೆಳಗ ಸಮುದ್ರ ಐತಿ!"

"ಮಲ್ಲಕ್ಕ, ಇದು ನಿಜವಾದ ಬೆಂಕಿ ಕಣಮ್ಮಾ..."

"ಅದಕ್ಕ ಅಲ್ಲೇನ್ರಿ ನೀವು ದಿನಾ ಕಲಿಸಿದ್ದು? ಜಾಕೆಟ್ ಹಾಕ್ಕೋರಿ."

ಸತ್ಯಮೂರ್ತಿಯವರು ಹಿಂದಿರುಗಿ ನೋಡಿದರು. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಕೆಳಗೆ ಪ್ರಾಣ, ಮೇಲೆ ಕ್ವಾರ್ಟರ್ಸ್. ಅವರು ಮೇಲೆ ಹತ್ತಿದರು. ನಿಂಬೆಹಣ್ಣು ಮೂರನೇ ಮಹಡಿಯ ಮೇಜಿನ ಮೇಲೇ ಉಳಿಯಿತು.

ದೋಣಿಯಲ್ಲಿ ಎಲ್ಲರೂ ಸಾಲಾಗಿ ಕೂತರು. ಮೇಡಂ ಕೂಡ ಜಾಕೆಟ್ ತೊಟ್ಟು ಮುಂದಿನ ಹಲಗೆಯ ಮೇಲೆ ಕೂತರು. ಹೊಗೆ ಸುತ್ತಿಕೊಳ್ಳುತ್ತಿತ್ತು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಎಲ್ಲರೂ ಮುಂದಿನ ಆಜ್ಞೆಗಾಗಿ ಸತ್ಯಮೂರ್ತಿಯವರ ಮುಖ ನೋಡುತ್ತಿದ್ದರು. ಮುಂದಿನ ಆಜ್ಞೆ ಅವರಿಗೆ ಗೊತ್ತಿರಲಿಲ್ಲ. ದಿನಾ ಇಷ್ಟಾದ ಮೇಲೆ ಊಟಕ್ಕೆ ಹೋಗುತ್ತಿದ್ದರು. ತಾವು ಹೇಳಿದ ಸುಳ್ಳನ್ನು ಇಷ್ಟು ನಿಷ್ಠೆಯಿಂದ ಕಲಿತವರನ್ನು ಕಂಡು ಅವರಿಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು.

ಸೆಂಟ್ರಿಂಗ್ ಕೆಲಸದ ಶರಣು ದೋಣಿಯ ತುದಿಯಲ್ಲಿ ನಿಂತು ಹಣೆಗೆ ಕೈ ಹಚ್ಚಿ ನೋಡಿದವನು ಕೂಗಿದ: "ಸಾಹೇಬ್ರ! ಆ ಎರಡು ಬಿಲ್ಡಿಂಗಿನ ಸಂದ್ಯಾಗ ನೋಡ್ರಿ, ಸಮುದ್ರ ಕಾಣಾಕತ್ತೈತಿ!"

ಸತ್ಯಮೂರ್ತಿಯವರು ಎದ್ದು ನೋಡಿದರು. ಕೈಯಗಲದ ಬೂದು ನೀರು, ಅದರ ಮೇಲೆ ಒಂದು ಹಡಗು, ನಿಜವಾದದ್ದು, ಮೆಲ್ಲಗೆ ಓಲಾಡುತ್ತಿತ್ತು. ನೋಡುತ್ತಿದ್ದಂತೆ ಅವರ ಹೊಟ್ಟೆಯೂ ಓಲಾಡಿತು. ಬೆಳಗಿನ ಉಪ್ಪಿಟ್ಟು ಪೂರ್ತಿ ದೋಣಿಯೊಳಗೆ ಬಂದು ಬಿತ್ತು.

ಮಲ್ಲಕ್ಕ ತನ್ನ ಸೆರಗಿನಿಂದ ಅವರ ಬಾಯಿ ಒರೆಸಿ, "ಹೋಗ್ಲಿ ಬಿಡ್ರಿ ಸಾಹೇಬ್ರ, ನೀವರೆ ಸಮುದ್ರ ಕಂಡ್ರಿ" ಎಂದಳು. ಮೋಹಿನಿ ಮೇಡಂ ವಾಚು ನೋಡಿ ಗುರುತು ಹಾಕಿಕೊಂಡು, "ಒಳ್ಳೆ ವಾಂತಿ" ಎಂದರು.

ಬೆಂಕಿ ಆರಿಸಿ ಮೇಲೆ ಬಂದ ಅಗ್ನಿಶಾಮಕ ದಳದವರು, ಕಿತ್ತಳೆ ದೋಣಿಯಲ್ಲಿ ಗಂಭೀರವಾಗಿ ಕೂತ ಜನರನ್ನು ಕಂಡು, "ನೀಚೇ ಕ್ಯೂಂ ನಹೀಂ ಗಯೇ?" ಕೆಳಗೆ ಯಾಕೆ ಇಳಿಯಲಿಲ್ಲ ಎಂದು ಕೇಳಿದರು. ದೋಣಿಯೆಲ್ಲ ಒಂದೇ ದನಿಯಲ್ಲಿ ಉತ್ತರಿಸಿತು: "ನೀಚೇ ಸಮುಂದರ್ ಹೈ, ಸಾಬ್!"

ವರದಿ ಬೇಗನೆ ಬಂತು. 'ಘಟನೆಯಲ್ಲಿ ಯಾರೂ ಮುಳುಗಿಲ್ಲ. ವಾಂತಿ ದೃಢಪಟ್ಟಿದೆ. ತರಬೇತಿಯು ಪೂರ್ಣ ಯಶಸ್ವಿ.' ಮೆಟ್ಟಿಲಿಳಿದು ಪಾರಾಗಿ ಎದುರುಗಡೆ ಚಹಾ ಕುಡಿಯುತ್ತಿದ್ದ ಉಳಿದ ಆಫೀಸುಗಳವರಿಗೆ, ಜಾಕೆಟ್ ಇಲ್ಲದೆ ಸಮುದ್ರಕ್ಕೆ ಇಳಿದೂ ಹೇಗೆ ಬದುಕಿದ್ದೀರೆಂದು ಕಾರಣ ಕೇಳಿ ನೋಟೀಸು ಹೋಯಿತು. ಅವರು ಕ್ಷಮೆ ಕೋರಿ, ಇನ್ನು ಮುಂದೆ ತಮಗೂ ದೋಣಿಯಲ್ಲಿ ಜಾಗ ಕೊಡಬೇಕೆಂದು ಅರ್ಜಿ ಹಾಕಿಕೊಂಡರು. ಮಲ್ಲಕ್ಕನಿಗೆ ಕೆಲಸವಾಯಿತು: ತಾರಸಿಯ ದೋಣಿಯನ್ನು ತೊಳೆದಿಡುವುದು. ಅಲ್ಲಿ ಇಟ್ಟಿಗೆ ಇರಲಿಲ್ಲ. ಅವಳಿಗೆ ಖುಷಿಯಾಯಿತು.

ಕ್ವಾರ್ಟರ್ಸ್ ಉಳಿಯಿತು. ಈಗ ಬೇರೆ ಬೇರೆ ಕೇಂದ್ರಗಳವರೂ ತಪಾಸಣೆಯಿದ್ದಾಗ ಸತ್ಯಮೂರ್ತಿಯವರನ್ನು ಎರವಲು ಕರೆಸಿಕೊಳ್ಳುತ್ತಾರೆ. ಬೆಳಿಗ್ಗೆ ಅವರು ಶೂ ಕಟ್ಟಿಕೊಳ್ಳುವಾಗ ವಿಮಲಾ ಚೀಲ ತುಂಬುತ್ತಾ ಕೇಳುತ್ತಾರೆ:

"ಇವತ್ತು ಇನ್ಸ್‌ಪೆಕ್ಷನ್ ಇದೆಯೇನ್ರೀ?"

"ಇದೆ ಕಣೇ."

ವಿಮಲಾ ಚೀಲಕ್ಕೆ ಕೈ ಹಾಕಿ, ನಿಂಬೆಹಣ್ಣನ್ನು ತೆಗೆದು ಗೂಡಿನಲ್ಲಿಡುತ್ತಾರೆ.