ಆಟಕ್ಕುಂಟು, ಪೆನಾಲ್ಟಿಗೂ ಉಂಟು

ನಮ್ಮ ಮನೆಯಲ್ಲಿ ನನ್ನನ್ನು ಕೇಳದೆ ಯಾವ ಕೆಲಸವೂ ನಡೆಯುವುದಿಲ್ಲ. ಕೇಳಿದ ಮೇಲೆ ನಾನು ಹೇಳಿದಂತೆಯೂ ಯಾವ ಕೆಲಸವೂ ನಡೆಯುವುದಿಲ್ಲ. ಹಾಲ್‌ಗೆ ತಿಳಿಹಳದಿ ಬಣ್ಣ ಇರಲಿ ಎಂದಿದ್ದೆ. ಈಗ ಗಿಳಿಹಸಿರು ಗೋಡೆಗೆ ಒರಗಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇಂಥ ಮನುಷ್ಯನ ಕೈಗೆ ಬೀದಿಯ ಮಕ್ಕಳು ಒಂದು ಸೀಟಿ ಕೊಟ್ಟು, "ತಾತ, ನೀವೇ ರೆಫರಿ, ನೀವು ಹೇಳಿದ್ದೇ ಫೈನಲ್" ಎಂದರೆ, ಆಟ ಯಾವುದೆಂದು ಅವನು ಕೇಳುತ್ತಾನೆಯೇ? ನಾನೂ ಕೇಳಲಿಲ್ಲ.

ಅದು ಅಮೆರಿಕದ ಫುಟ್‌ಬಾಲ್ ಆಗಿತ್ತು. ವಿಜಯನಗರದ ನಮ್ಮ ಬೀದಿಗೆ ಈ ಹುಚ್ಚು ಮೊಬೈಲಿನಿಂದ ಹತ್ತಿತು. ಹೆಸರಿಗೆ ಫುಟ್‌ಬಾಲ್, ಕಾಲಿಗೆ ಓಡುವುದೊಂದೇ ಕೆಲಸ. ಸುಲಿಯದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಎದುರಾಳಿ ನಿಮ್ಮ ಸೊಂಟಕ್ಕೆ ಸಿಕ್ಕಿಸಿದ ರಿಬ್ಬನ್ ಕಿತ್ತರೆ ಓಟ ಅಲ್ಲಿಗೆ ಮುಗಿಯಿತು. ಕೀಳುವುದರೊಳಗೆ ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಹೆಡ್ ಕ್ಲರ್ಕ್ ಆಗಿ ಸುತ್ತೋಲೆ ಓದಿಯೇ ತಲೆ ನರೆಸಿಕೊಂಡವನು ನಾನು. ನಿಯಮಗಳನ್ನೆಲ್ಲ ಪ್ರಿಂಟ್ ತೆಗೆಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಟ್ಯಾಗ್ ಹಾಕಿ ಫೈಲ್ ಮಾಡಿದೆ. "ಕರೆಂಟ್ ಬಿಲ್ ನೋಡ್ರೀ ಅಂದ್ರೆ ಕನ್ನಡಕ ಸಿಗ್ತಿಲ್ಲ ಅಂತೀರ" ಎಂದಳು ನನ್ನ ಹೆಂಡತಿ ಸರೋಜ.

ಭಾನುವಾರ ಬೆಳಿಗ್ಗೆ ಬಡಾವಣೆಯ ಮೈದಾನದಲ್ಲಿ ಹೆಗ್ಗನಹಳ್ಳಿ ಮಕ್ಕಳ ಮೇಲೆ ಪಂದ್ಯ. ನಮ್ಮ ತಂಡದಲ್ಲಿ ಎದುರುಮನೆಯ ಚಿನ್ಮಯಿ ಇದ್ದಳು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಸೇರಿಸಿಕೊಳ್ಳದಿದ್ದರೆ ಅಳುತ್ತಾಳೆ, ಸೇರಿಸಿಕೊಂಡರೆ ಸೋಲುತ್ತೇವೆ ಎಂದು ಮಕ್ಕಳು ಅಮೆರಿಕದವರಿಗೆ ಗೊತ್ತಿಲ್ಲದ ನಮ್ಮ ಹಳೆಯ ಕಾನೂನನ್ನು ಜಾರಿಗೆ ತಂದಿದ್ದರು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವಳ ಸೊಂಟಕ್ಕೂ ರಿಬ್ಬನ್ ಇತ್ತು, ಕೀಳಲು ಮಾತ್ರ ಯಾರೂ ಬರುತ್ತಿರಲಿಲ್ಲ. ಒಂದೊಂದು ಓಟ ಮುಗಿದಾಗಲೂ ನನ್ನ ಹತ್ತಿರ ಬಂದು, "ತಾತ, ಇವತ್ತಾದ್ರೂ ನಾನು ಲೆಕ್ಕಕ್ಕಿದೀನಾ?" ಎನ್ನುವಳು. "ನೋಡೋಣ ಪುಟ್ಟ" ಎನ್ನುತ್ತಿದ್ದೆ. ಕಚೇರಿಯಲ್ಲಿ ಕಲಿತ ಉತ್ತರ ಅದು.

ಕೊನೆಯ ಸರದಿ. ಒಂದು ಟಚ್‌ಡೌನ್ ಆದರೆ ಗೆಲುವು ನಮ್ಮದು. ಸೀಟಿ ಊದಿದೆ. ಚೆಂಡು ಚಿನ್ಮಯಿಯ ಕೈಗೆ ಬಂತು. ಅವಳು ಓಡಲಿಲ್ಲ. ಚೆಂಡನ್ನು ಎರಡು ಸಲ ಒತ್ತಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು, "ಗಾಳಿ ಹೋಗ್ಬಿಟ್ಟಿದೆ. ಪಂಕ್ಚರ್ ಅಂಗಡೀಗೆ ತಗೊಂಡ್ ಹೋಗ್ತೀನಿ, ದಾರಿ ಬಿಡಿ" ಎಂದಳು. ಹೆಗ್ಗನಹಳ್ಳಿ ಹುಡುಗರು ದಾರಿ ಬಿಟ್ಟೇಬಿಟ್ಟರು! ಒಬ್ಬನಂತೂ, "ಗೇಟ್ ಹತ್ರ ಇರೋನು ಬೇಡ ಪಾಪು, ಮಾಗಡಿ ರೋಡ್ ಅಣ್ಣ ಚೆನ್ನಾಗ್ ಹಾಕ್ತಾನೆ" ಎಂದು ದಿಕ್ಕನ್ನೂ ತೋರಿಸಿದ. "ಥ್ಯಾಂಕ್ಸ್ ಅಣ್ಣ" ಎಂದು ಅವಳು ನಿಧಾನವಾಗಿ ನಡೆದು ಗೆರೆ ದಾಟಿ, ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಕುಣಿದಳು.

ಹೆಗ್ಗನಹಳ್ಳಿಯ ಪಿ.ಟಿ. ಮೇಷ್ಟ್ರು ನಂಜುಂಡಪ್ಪ ಓಡಿಬಂದರು. "ಏನ್ ಸಾರ್ ಇದು? ಆ ಮಗು ಲೆಕ್ಕಕ್ಕೇ ಇಲ್ಲ. ಗೆರೆ ದಾಟಿದ್ರೇನು, ಮೆಟ್ರೋ ಹತ್ತಿದ್ರೇನು? ಸಾಲ್ದು ಅಂತ ಮೋಸ ಬೇರೆ. ಪೆನಾಲ್ಟಿ ಕೊಡಿ!"

ಫೈಲ್ ಬಿಚ್ಚಿದೆ. ಎಡಕ್ಕೆ ಹೊರಟಂತೆ ಮಾಡಿ ಬಲಕ್ಕೆ ನುಗ್ಗಿದರೆ ಅದು ಜಾಣತನ. ಆಟವೇ ನಿಂತಿದೆ ಎಂದು ಮಾತಿನಲ್ಲಿ ನಂಬಿಸಿದರೆ ತಪ್ಪು. ಟಚ್‌ಡೌನ್ ರದ್ದು, ತಂಡ ಹದಿನೈದು ಗಜ ಹಿಂದಕ್ಕೆ. ಸರಿ, ಆದರೆ ಲೆಕ್ಕಕ್ಕೇ ಇಲ್ಲದವಳು ತಪ್ಪು ಮಾಡುವುದು ಹೇಗೆ? "ಮೇಷ್ಟ್ರೇ, ಪೆನಾಲ್ಟಿ ಬೇಕಾದ್ರೆ ಅವಳು ಲೆಕ್ಕಕ್ಕಿದಾಳೆ ಅಂತ ಮೊದ್ಲು ಒಪ್ಕೊಳಿ" ಎಂದೆ. ಅವರು ತಲೆ ಕೆರೆದುಕೊಂಡು ಒಪ್ಪಿದರು. ನಾನು ಎದೆಯುಬ್ಬಿಸಿ ಸೀಟಿ ಊದಿದೆ: "ಚಿನ್ಮಯಿಗೆ ಪೆನಾಲ್ಟಿ!"

ಹದಿನೈದು ಗಜ ಅಳೆಯುವಷ್ಟರಲ್ಲಿ ಮೈದಾನವೇ ಮುಗಿದು, ನಮ್ಮ ತಂಡ ಗೇಟಿನಾಚೆ ಪಾನಿಪೂರಿ ಗಾಡಿಯ ಪಕ್ಕ ಸಾಲಾಗಿ ನಿಲ್ಲಬೇಕಾಯಿತು. ಅಲ್ಲಿಂದ ಗೆಲ್ಲುವುದೆಲ್ಲಿ ಬಂತು, ಸೋತೆವು. ಚಿನ್ಮಯಿ ಮಾತ್ರ, "ನಂಗೆ ಪೆನಾಲ್ಟಿ ಕೊಟ್ರು! ನಾನು ಲೆಕ್ಕಕ್ಕಿದೀನಿ!" ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಹೋದಳು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ಒದ್ದೆಯಾಯಿತು. ಈ ಪಂಕ್ಚರ್ ಉಪಾಯ ಯಾರು ಹೇಳಿಕೊಟ್ಟರೆಂದು ಕೇಳಿದರೆ, "ಸರೋಜಜ್ಜಿ" ಎಂದಳು.

ಮನೆಯಲ್ಲಿ ಸರೋಜಜ್ಜಿ, ಗೆದ್ದು ಬರುವ ಮಕ್ಕಳಿಗೆಂದು ಕೋಡುಬಳೆ ಕರಿಯುತ್ತಿದ್ದಳು. ಕರಿದದ್ದನ್ನು ನಾನು ಮುಟ್ಟಬಾರದೆಂದು ಡಾಕ್ಟರ ಅಪ್ಪಣೆಯಿದೆ. ನಾನು ತಟ್ಟೆ ಎತ್ತಿಕೊಂಡು, ಒಂದನ್ನು ಒತ್ತಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು, "ಮೆತ್ತಗಾಗಿದೆ ಕಣೇ, ಬಿಸಿಲಿಗಿಡ್ತೀನಿ" ಎಂದೆ. ಅವಳೇ ಕಲಿಸಿದ ಆಟ. ಹಿಡಿಯುತ್ತಾಳೆ, ಬೈಯುತ್ತಾಳೆ, ನನಗೂ ಒಂದು ಪೆನಾಲ್ಟಿ ಬೀಳುತ್ತದೆ ಎಂದು ಆಸೆಯಿಂದ ಕಾದೆ. ಅವಳು ಬಾಣಲೆಯಿಂದ ಕಣ್ಣೆತ್ತದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬಾಲ್ಕನಿಯಲ್ಲಿ ಆರು ಕೋಡುಬಳೆ ತಿಂದೆ. ಯಾರೂ ಬರಲಿಲ್ಲ. ಕೊನೆಗೆ ನನ್ನ ಮೇಲೆ ನಾನೇ ಜೋರಾಗಿ ಸೀಟಿ ಊದಿಕೊಂಡೆ.

"ರೀ, ಸೀಟಿ ಕೇಳಿಸ್ತು, ಕಸದ ಗಾಡಿ ಬಂತು ನೋಡಿ" ಎಂದಳು ಒಳಗಿನಿಂದ, "ಬಕೆಟ್ ಕೊಟ್ಬಿಟ್ ಬನ್ನಿ."

ನಾನು ಬಕೆಟ್ ಹಿಡಿದು ಕೆಳಗಿಳಿದು, ಹತ್ತು ನಿಮಿಷ ಗಾಡಿಗಾಗಿ ಕಾದೆ.