ಕೋರಿದವರ ಹೆಸರು

ಕಸದ ಗಾಡಿಯ ಹಾಡು ಕೇಳಿದೊಡನೆ ದಾಕ್ಷಾಯಣಿ ಗಂಡನ ಕೈಗೆ ಬಕೆಟ್ ಕೊಟ್ಟು ಕೆಳಗಟ್ಟಿದಳು. ವಿರೂಪಾಕ್ಷ ಗಾಡಿಯವರೆಗೆ ಹೋಗಲೇ ಇಲ್ಲ. ದಾಸರಹಳ್ಳಿಯ ಅವರ ಬೀದಿಯ ತಿರುವಿನಲ್ಲಿ ಗುಜರಿ ಜಹೀರನ ತಳ್ಳುಗಾಡಿ ನಿಂತಿತ್ತು. ಅದರ ಮೇಲೆ ಒಂದು ಚೀಲ ಹಳೆಯ ಕ್ಯಾಸೆಟ್. ಒಂದರ ಮೇಲೂ ಹೆಸರಿಲ್ಲ.

"ಏನೈತೋ ಇದರಾಗ?"

"ನಂಗೇನ್ ಗೊತ್ತು ಸಾರ್? ನಿಮ್ ಗದಗ ಕಡೆಯವ್ರೇ ಮನೆ ಖಾಲಿ ಮಾಡ್ವಾಗ ಕೊಟ್ರು. ರೇಡಿಯೋದಿಂದ ಹಿಡ್ದಿದ್ದಂತೆ. ನಸೀಬ್ ಇದ್ರೆ ಹಾಡು, ಇಲ್ದಿದ್ರೆ ಗೊರಗೊರ."

ರೇಡಿಯೋ ಎಂದದ್ದೇ ತಡ, ವಿರೂಪಾಕ್ಷ ಚೀಲ ಎತ್ತಿಕೊಂಡ. ತನ್ನೂರು ಸೂಡಿಯ ಹೈಸ್ಕೂಲಿನಲ್ಲಿದ್ದಾಗ ಧಾರವಾಡ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆದೂ ಬರೆದೂ ಆತ ಪೋಸ್ಟ್‌ಮ್ಯಾನನಿಗೆ ನೆಂಟನಂತಾಗಿದ್ದ. ಕೊನೆಗೊಮ್ಮೆ ಹೆಸರು ಬಂತೆಂದು ಪಕ್ಕದೂರಿನ ಗೆಳೆಯ ಹೇಳಿದ. ಅಂದೇ ಇವರ ರೇಡಿಯೋದ ಸೆಲ್ಲು ಸತ್ತಿತ್ತು. ಆ ಕತೆಯನ್ನು ಹೆಂಡತಿಯೂ ನಂಬುತ್ತಿರಲಿಲ್ಲ, ಮಗಳು ಶೀತಲ್ ಕೂಡ. ಒಮ್ಮೆ ಕಿವಿಯಾರೆ ಕೇಳಬೇಕು, ಕೇಳಿಸಬೇಕು ಎಂಬ ಆಸೆ ಆರಿರಲಿಲ್ಲ.

"ಕಸ ಹಾಕಿ ಬರ್ರಿ ಅಂದ್ರ ಮತ್ತಷ್ಟು ಹೊತ್ಕೊಂಡ್ ಬಂದೀರಲ್ರೀ!" ತುಂಬಿದ ಬಕೆಟ್ ನೋಡಿ ದಾಕ್ಷಾಯಣಿ ಹಣೆ ಚಚ್ಚಿಕೊಂಡಳು.

ಕೆಳಗಿನ ಮನೆಯ ಓನರ್ ಗೋಪಾಲಮ್ಮ ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿ ತಂದರು. ಬರುವಾಗ ಅಕ್ಕಪಕ್ಕದವರನ್ನೂ ಕರೆತಂದರು. ಮೊದಲ ಕ್ಯಾಸೆಟ್ಟು ನೆಗಡಿಯಾದ ಎಮ್ಮೆಯಂತೆ ಉಸಿರಾಡಿತು. ಎರಡನೆಯದು ಜೋಳದ ಹುಳಕ್ಕೆ ಔಷಧಿ ಹೇಳಿತು. ಮೂರನೆಯದರ ಟೇಪು ಹೊರಬಂದು ವಿರೂಪಾಕ್ಷನ ಮಡಿಲ ತುಂಬ ಹರಡಿತು.

"ಆಫೀಸ್‌ಗೆ ಚಕ್ಕರ್ ಹೊಡ್ದು ಶಾವಿಗೆ ಒತ್ತಿದ್ದಾಯ್ತೇನಪ್ಪ?" ಎಂದರು ಗೋಪಾಲಮ್ಮ.

ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕಿದ. ಗೊರಗೊರದ ನಡುವಿನಿಂದ ಧಾರವಾಡ ಆಕಾಶವಾಣಿಯ ಹಳೆಯ ಉದ್ಘೋಷಕಿಯ ತಣ್ಣನೆಯ ದನಿ ತೇಲಿ ಬಂತು. ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ತವರಿನ ಕಿಟಕಿಯಲ್ಲಿ ಅಪ್ಪ ಇಡುತ್ತಿದ್ದ ರೇಡಿಯೋ, ರೊಟ್ಟಿ ತಟ್ಟುತ್ತ ಗುನುಗುತ್ತಿದ್ದ ಅವ್ವ, ಎಲ್ಲ ಒಟ್ಟಿಗೇ ನೆನಪಾಗಿ ಕಣ್ಣು ತುಂಬಿತು.

"ಈ ಗೀತೆಯನ್ನು ಕೋರಿದವರು ಸೂಡಿಯಿಂದ ವಿರೂಪಾಕ್ಷ ಗುರಿಕಾರ..."

"ಕೇಳಿದ್ಯಾ? ಬುರುಡೆ ಅಂತಿದ್ದಿ!" ವಿರೂಪಾಕ್ಷ ಕುಣಿದ.

"ಖರೇನ ಬಂದಿತ್ತಲ್ರೀ!" ದಾಕ್ಷಾಯಣಿ ನಕ್ಕಳು. ಗೋಪಾಲಮ್ಮ ಚಪ್ಪಾಳೆ ತಟ್ಟಿದರು. ಸಂಭ್ರಮದಲ್ಲಿ ಟೇಪು ನಿಲ್ಲಿಸಲು ಯಾರಿಗೂ ತೋಚಲಿಲ್ಲ.

"...ಹಾಗೂ ಶ್ರೀಮತಿ ನೀಲಾಂಬಿಕಾ ವಿರೂಪಾಕ್ಷ ಗುರಿಕಾರ."

ಕಾರ್ಡಿನಲ್ಲಿ ಖಾಲಿ ಉಳಿದ ಜಾಗವನ್ನು ಒಂಬತ್ತನೇ ಕ್ಲಾಸಿನಲ್ಲಿ ಯಾವ ಸಹಪಾಠಿಯ ಹೆಸರಿನಿಂದ ತುಂಬಿದ್ದೆನೆಂದು ವಿರೂಪಾಕ್ಷನಿಗೆ ಈಗ ನೆನಪಾಯಿತು. ಹಾಡು ಶುರುವಾಯಿತು. ಗೋಪಾಲಮ್ಮ ಫ್ಯಾನು ನೋಡತೊಡಗಿದರು. ದಾಕ್ಷಾಯಣಿ ಬೆರಳಿನ ಹಿಟ್ಟನ್ನು ಒಂದೊಂದಾಗಿ ಒರೆಸಿಕೊಳ್ಳತೊಡಗಿದಳು. ಶೀತಲ್ ಟೇಪ್ ರೆಕಾರ್ಡರನ್ನೂ ಅಪ್ಪನನ್ನೂ ಬಹಳ ಹೊತ್ತು ನೋಡಿದಳು.

"ಅಪ್ಪಾ, ಅಮ್ಮನ ಹೆಸ್ರು ದಾಕ್ಷಾಯಣಿ ಅಲ್ವಾ?"